ಕೂಸಿನ ಜೊತೆ ಕ್ಯಾಸನೂರಿಗೆ

ಬೆಂಗಳೂರಿಂದ ಕೂಸನ್ನ ಕರ್ಕೊಂಡು ಕಾರಲ್ಲಿ ಕ್ಯಾಸನೂರಿಗೆ ಹೊರಟವರಿಗೆ ಇವತ್ತಿನ ಮಾತು. ಅರಸೀಕೆರೆ, ಶಿವಮೊಗ್ಗ, ಶಿಕಾರಿಪುರ ಅಂತ ಹೆಚ್ಚುಕಮ್ಮಿ ಇಡೀ ದಿನದ ದಾರಿ. "ನನ್ನ ಮಡಿಲಲ್ಲೇ ಇರ್ಲಿ ಬಿಡೇ" ಅಂತಾರೆ ಅಜ್ಜಿ. ಪ್ರೀತಿ ನಿಜ. ಆದ್ರೆ ಗಕ್ಕನೆ ಬ್ರೇಕ್ ಬಿದ್ರೆ ಯಾವ ಕೈಯೂ ಮಗುವನ್ನ ಹಿಡಿದು ನಿಲ್ಲಿಸಲ್ಲ. ಹಿಂದಿನ ಸೀಟಲ್ಲಿ, ಹಿಮ್ಮುಖವಾಗಿ ಕಟ್ಟಿದ ಬೇಬಿ ಸೀಟೇ ಬೇಕು. ಎಳೆ ಕತ್ತಿಗೆ ಅದೇ ಆಸರೆ. 2019ರ ಕಾನೂನು ತಿದ್ದುಪಡಿಯಲ್ಲಿ ಇದಕ್ಕೆ 1,000 ರೂಪಾಯಿ ದಂಡವೂ ಇದೆ, ಅದಿರಲಿ.

ಎರಡು ಗಂಟೆಗೊಮ್ಮೆ ನಿಲ್ಲಿಸಿ, ಸೀಟಿಂದ ಎತ್ಕೊಂಡು ಹಾಲು ಕುಡಿಸಿ. ಶಿಕಾರಿಪುರ ದಾಟಿದ ಮೇಲೆ ಮಾತ್ರ, ನೆರಳು ಚೆನ್ನಾಗಿದೆ ಅಂತ ಕಾಡಂಚಲ್ಲಿ ಚಾಪೆ ಹಾಸ್ಬೇಡಿ. 1957ರಲ್ಲಿ ಮಂಗನ ಕಾಯಿಲೆ ಗುರುತಾಗಿದ್ದು ಇದೇ ಕ್ಯಾಸನೂರು ಕಾಡಿನ ಕಡೆ. ಅದನ್ನ ಹರಡೋದು ಉಣ್ಣೆ. ಬೇಸಿಗೆ ರಜೆಯಲ್ಲೂ ಅದರ ಕಾಟ ಇರುತ್ತೆ. ಊರೊಳಗೆ ಯಾವುದಾದ್ರೂ ಅಂಗಡಿ ಜಗಲಿ ಕೇಳಿ, ಯಾರೂ ಬೇಡ ಅನ್ನಲ್ಲ.