ಗಾಳಿ ಕದಿಯುವ ಕಾವು



ಚಳಿಯನ್ನು ಕುರಿತು ಮಾತನಾಡುವ ಅಧಿಕಾರ ಚಿತ್ರದುರ್ಗದವನಿಗೆ ಎಲ್ಲಿಂದ ಬಂತೆಂದು ನೀವು ಕೇಳಬಹುದು. ನಮ್ಮದು ಬಂಡೆಗಳ ಊರು, ಬಿಸಿಲಿನ ಊರು. ಧನುರ್ಮಾಸದ ಮುಂಜಾವಿನಲ್ಲಿ ಪಾದರಸವು 15 ಡಿಗ್ರಿಯ ಆಸುಪಾಸಿಗೆ ಇಳಿದರೆ ಸಾಕು, ನಾವು ಮಫ್ಲರು ಸುತ್ತಿಕೊಂಡು ಬೆಂಕಿಯ ಮುಂದೆ ಕುಕ್ಕರಿಸುತ್ತೇವೆ. ಶಿವರಾತ್ರಿ ಬಂತೆಂದರೆ ಆ ಚಳಿಯೂ ಶಿವ ಶಿವಾ ಎಂದು ಹೊರಟುಹೋಗುತ್ತದೆ. ಆದರೆ ಗಾಳಿಯ ವಿಷಯದಲ್ಲಿ ನಾವು ಅಷ್ಟು ಅಜ್ಞರಲ್ಲ. ದುರ್ಗದ ಸುತ್ತಣ ಗುಡ್ಡಗಳ ನೆತ್ತಿಯ ಮೇಲೆ ಸಾಲುಗಟ್ಟಿ ತಿರುಗುತ್ತಿರುವ ಗಾಳಿಯಂತ್ರಗಳೇ ಇದಕ್ಕೆ ಸಾಕ್ಷಿ. ಮದಕರಿಪುರದ ಹೊಲದ ಬದುಗಳ ಮೇಲೆ ಬಾಲ್ಯವನ್ನು ಕಳೆದ ನನಗೆ ಗಾಳಿಯೆಂದರೆ ನೆಂಟನಿದ್ದಂತೆ. ಆ ನೆಂಟನ ಇನ್ನೊಂದು ಮುಖ ನನಗೆ ಕಂಡದ್ದು ಅರವತ್ತು ದಾಟಿದ ಮೇಲೆ.

ನಮ್ಮ ನುಡಿಯೂ ಈ ವಿಷಯದಲ್ಲಿ ನಮ್ಮನ್ನು ಎಚ್ಚರಿಸುವುದಿಲ್ಲ. ಕನ್ನಡದಲ್ಲಿ ತಂಪೆಂಬುದು ಹರಕೆ. ಉಂಡ ಅತಿಥಿ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹರಸಿ ಏಳುತ್ತಾನೆ. ಕಂಡವರ ಏಳಿಗೆಯನ್ನು ಸಹಿಸದವನಿಗೆ ಹೊಟ್ಟೆಯುರಿ. ತಂಗಾಳಿ, ತೆಂಬೆಲರು, ಮಂದಾನಿಲ ಎಂದು ಕವಿಗಳು ಹೆಸರಿಟ್ಟು ಕರೆದದ್ದೆಲ್ಲ ಬೀಸಿ ಸುಖಕೊಡುವ ಗಾಳಿಯನ್ನೇ. (ಈಚೆಗೆ ಸಭೆಗಳಲ್ಲಿ ಕೇಳಿಬರುವ ‘ಬೆಚ್ಚನೆಯ ಸ್ವಾಗತ’ ಎಂಬ ಮಾತು ನಮ್ಮದಲ್ಲ, ಅದು ಹಿಮದ ನಾಡಿನಿಂದ ಬಂದದ್ದು.) ಬಿಸಿಲಿನ ನಾಡಿಗೆ ಇದು ಸಹಜವೆ. ಆದರೆ ಈ ಸಹಜವಾದ ನಂಬಿಕೆಯನ್ನು ಗಂಟುಕಟ್ಟಿಕೊಂಡು ನಾವು ಬೇರೆ ಸೀಮೆಗೆ ಹೋಗುತ್ತೇವಲ್ಲ, ತೊಡಕು ಅಲ್ಲಿದೆ.

2019ರ ಜನವರಿಯಲ್ಲಿ ಮಗಳ ಬಾಣಂತನಕ್ಕೆಂದು ನಾವು ದಂಪತಿಗಳು ಅಮೆರಿಕದ ಶಿಕಾಗೊ ನಗರದ ಹತ್ತಿರ ಇದ್ದೆವು. ಸಾಮಾನ್ಯವಾಗಿ ಉತ್ತರ ಧ್ರುವದ ಸುತ್ತ ಸುಳಿಸುತ್ತುವ ಅತಿಶೀತಲ ವಾಯುರಾಶಿಯು ಕೆಲವು ವರ್ಷ ತನ್ನ ಬೇಲಿ ಮುರಿದು ದಕ್ಷಿಣಕ್ಕೆ ಚಾಚಿಕೊಳ್ಳುತ್ತದೆ. ಆ ವರ್ಷ ಹಾಗಾಯಿತು. ಜನವರಿ 30ರಂದು ಶಿಕಾಗೊದಲ್ಲಿ ಉಷ್ಣತೆ ಸೊನ್ನೆಗಿಂತ 31 ಡಿಗ್ರಿ ಕೆಳಕ್ಕೆ ಹೋಯಿತು. ಗಾಳಿಯನ್ನೂ ಲೆಕ್ಕಕ್ಕೆ ಹಿಡಿದರೆ ಸೊನ್ನೆಗಿಂತ 47 ಡಿಗ್ರಿ ಕೆಳಗಿನ ಚಳಿ. ಶಾಲೆಗಳು ಮುಚ್ಚಿದವು. ಅಂಚೆಯವರೂ ಅಂದು ಬಟವಾಡೆ ನಿಲ್ಲಿಸಿದರು.

ನಾನು ಕಿಟಕಿಯಿಂದ ನೋಡಿದೆ. ಬಿಸಿಲು ಥಳಥಳಿಸುತ್ತಿತ್ತು. ಬಿಸಿಲಿರುವಾಗ ಭಯವೆಂಥದು? ಮಗಳು ಮಗುವಿಗೆ ಹಾಲೂಡಿಸುತ್ತಿದ್ದಳು. ಹೊರಗೆ ಮರೆತಿದ್ದ ಕಸದ ಡಬ್ಬಿಯನ್ನು ತಂದುಬಿಡೋಣವೆಂದು, ಕೋಟು ತೊಟ್ಟು ಬರಿಗೈಯಲ್ಲಿ ಹೊರಟೆ. ಗೋಡೆಯ ಮರೆಯಲ್ಲಿದ್ದಷ್ಟು ಹೊತ್ತು ‘ಇಷ್ಟೆಯೆ?’ ಎನಿಸಿತು. ಮೂಲೆ ತಿರುಗಿದೊಡನೆ ಗಾಳಿ ಬಂದು ಮುಖಕ್ಕೆ ಅಪ್ಪಳಿಸಿತು. ಡಬ್ಬಿಯ ಮುಚ್ಚಳ ಹಾರಿಹೋಗಿ, ಅದನ್ನು ಹುಡುಕಿ ತರುವಷ್ಟರಲ್ಲಿ ಬೆರಳುಗಳು ಸೂಜಿ ಚುಚ್ಚಿದಂತೆ ನೊಂದವು. ಸ್ವಲ್ಪ ಹೊತ್ತಿನಲ್ಲಿ ನೋವು ತಾನಾಗಿ ನಿಂತಿತು. ಮೈ ಒಗ್ಗಿಕೊಂಡಿತು ಎಂದು ಒಳಗೊಳಗೇ ಹಿಗ್ಗಿದೆ. ಒಳಗೆ ಬಂದಾಗ ಮಗಳು ನನ್ನ ಕೈ ಹಿಡಿದು ನೋಡಿದಳು. ಬೆರಳ ತುದಿಗಳು ಮೇಣದ ಬತ್ತಿಯಂತೆ ಬೆಳ್ಳಗಾಗಿದ್ದವು.

“ನೋವು ನಿಂತಿತು ಅಂತ ಖುಷಿಪಡ್ತೀರಲ್ಲ ಅಪ್ಪಾ! ನಿಲ್ಲೋದೇ ಕೆಟ್ಟದ್ದು,” ಎಂದಳು. ಬಿಸಿನೀರು ಬೇಡ, ಉಜ್ಜುವುದೂ ಬೇಡವೆಂದು ಹೇಳಿ ಉಗುರುಬೆಚ್ಚಗಿನ ನೀರಿನಲ್ಲಿ ನನ್ನ ಕೈಗಳನ್ನು ಅದ್ದಿಸಿದಳು. ಅಂಥ ಚಳಿಯಲ್ಲಿ ತೆರೆದ ಚರ್ಮ ಹೆಪ್ಪುಗಟ್ಟುವುದಕ್ಕೆ ಐದು ಹತ್ತು ನಿಮಿಷ ಸಾಕಂತೆ. ಬಾಣಂತಿಯ ಕೈಯಲ್ಲಿ ಅಪ್ಪನೇ ಆರೈಕೆ ಮಾಡಿಸಿಕೊಂಡದ್ದಾಯಿತು.

ಈ ಗಾಳಿಯ ಚಳಿಯನ್ನು ಅಳೆಯಬಹುದೆಂದು ತೋರಿಸಿದವರು ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ಇಬ್ಬರು ಅಮೆರಿಕನ್ನರು. 1941ರಲ್ಲಿ ಅಂಟಾರ್ಕ್ಟಿಕದ ತಮ್ಮ ಬಿಡಾರದಲ್ಲಿ ಇವರು ಒಂದು ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ತುಂಬಿ ಗಾಳಿಗೆ ತೂಗುಹಾಕಿದರು. ಅದು ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಬೇರೆಬೇರೆ ಗಾಳಿಯಲ್ಲಿ ಗುರುತು ಮಾಡಿಕೊಂಡರು. ನೀರಿನ ಕೊಳವೆಯೇನು ಮನುಷ್ಯನಲ್ಲವಷ್ಟೆ. ಆದ್ದರಿಂದ 2001ರಲ್ಲಿ ಕೆನಡಾದ ಟೊರಾಂಟೊದಲ್ಲಿ 12 ಮಂದಿ ಸ್ವಯಂಸೇವಕರನ್ನು ಶೀತಲ ಗಾಳಿಯ ಸುರಂಗದಲ್ಲಿ ನಡೆಸಿ, ಅವರ ಮುಖಗಳ ಕಾವನ್ನೇ ಅಳೆದು ಲೆಕ್ಕವನ್ನು ತಿದ್ದಿದರು. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ 30 ಕಿಲೋಮೀಟರಿನ ಗಾಳಿ ಬೀಸಿದರೆ ಚರ್ಮಕ್ಕೆ ಅದು 33 ಡಿಗ್ರಿ ಕೆಳಗಿನ ಚಳಿ.

ಇದರ ಒಳಗುಟ್ಟು ಸರಳವಾದುದು. ನಮ್ಮ ಮೈಯನ್ನು ಸುತ್ತಿಕೊಂಡು ಬೆಚ್ಚನೆಯ ಗಾಳಿಯ ತೆಳುಪೊರೆಯೊಂದಿರುತ್ತದೆ. ದೇಹವು ತನ್ನ ಕಾವಿನಿಂದಲೇ ನೇಯ್ದುಕೊಂಡ ಅಂಗಿ ಅದು. ಗಾಳಿ ಆ ಅಂಗಿಯನ್ನು ಕದ್ದೊಯ್ಯುತ್ತದೆ. ದೇಹ ಇನ್ನೊಂದನ್ನು ನೇಯುತ್ತದೆ. ಗಾಳಿ ಅದನ್ನೂ ಒಯ್ಯುತ್ತದೆ. ಕಾವಿಲ್ಲದ ವಸ್ತುವಿಗೆ ಈ ಕಳವಿನ ಭಯವಿಲ್ಲ. ಏಳು ಸುತ್ತಿನ ಕೋಟೆಯ ಕಲ್ಲು ಎಷ್ಟೇ ಗಾಳಿ ಬೀಸಿದರೂ ಸುತ್ತಲಿನ ಹವೆಗಿಂತ ತಣ್ಣಗಾಗದು. ಬತೇರಿಯ ಮೇಲೆ ಇರುಳೆಲ್ಲ ಕಾವಲು ನಿಂತವನ ಪಾಡು ಬೇರೆ.

ಇದನ್ನೆಲ್ಲ ಓದಿ ತಿಳಿದಾಗ ನನಗೆ ನೆನಪಾದವನು ಹಿರಿಯೂರಿನ ಕಡೆಯ ಒಬ್ಬ ಕುರಿಗಾಹಿ. ನಾನು ಅಲ್ಲಿ ಮೇಷ್ಟ್ರಾಗಿದ್ದಾಗ, ಒಂದು ಮಳೆಯ ಮರುದಿನ, ಅವನು ಸತ್ತ ಕುರಿಗಳ ಪಕ್ಕದಲ್ಲಿ ಕುಳಿತಿದ್ದ. “ಅಷ್ಟೇನೂ ಚಳಿ ಇರಲಿಲ್ಲವಲ್ಲಪ್ಪ?” ಎಂದೆ. “ಬರೇ ಚಳಿಗೆ ಕುರಿ ಸಾಯಾಕಿಲ್ಲ ಸ್ವಾಮಿ. ಉಣ್ಣೆ ಕತ್ತರ್ಸಿದ ಮ್ಯಾಲೆ ಮಳೇಲಿ ನೆಂದು, ಆಮ್ಯಾಲೆ ಗಾಳಿ ಬಿತ್ತು ಅಂದ್ರೆ ಕೈಗೆ ಸಿಗಾಕಿಲ್ಲ,” ಎಂದ. ಉಣ್ಣೆ, ನೀರು, ಗಾಳಿ—ಮೂರನ್ನೂ ಆತ ಒಂದೇ ಉಸಿರಿನಲ್ಲಿ ಹೇಳಿದ್ದ. ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಕಾವನ್ನು ಸಾಗಿಸುತ್ತದೆಂಬ ಲೆಕ್ಕವನ್ನು ನಾನು ತರಗತಿಯಲ್ಲಿ ಪಾಠ ಹೇಳಿದ್ದೆ. ಕುರಿಯ ಮೈಗೆ ಅದನ್ನು ಹೊಂದಿಸಿ ನೋಡಿರಲಿಲ್ಲ. ಅವನ ತಲೆಯ ಮೇಲೆ ಕೊಪ್ಪೆ ಹಾಕಿದ್ದ ಕರಿಯ ಕಂಬಳಿಯಿತ್ತು. ನಮ್ಮ ಚಳ್ಳಕೆರೆ ಸೀಮೆಯ ನೇಕಾರರು ಹುಣಸೆಬೀಜದ ಗಂಜಿ ಉಣಿಸಿ ಬಿರುಸು ಮಾಡುವ ಕಂಬಳಿ. ಉಣ್ಣೆಯೊಳಗೆ ಗಾಳಿ ಅಲುಗದೆ ನಿಲ್ಲುತ್ತದೆ, ಹೊರಗಿನದು ಸುಲಭಕ್ಕೆ ನುಗ್ಗುವುದಿಲ್ಲ.

ಇನ್ನು ಹೇಳಲು ಕಷ್ಟವಾದ ಮಾತು. 2024ರ ಮೇ 29ರಂದು ಉತ್ತರಾಖಂಡದ ಸಹಸ್ರತಾಲವೆಂಬ ಸರೋವರಕ್ಕೆ ಚಾರಣ ಹೊರಟ 22 ಜನರ ತಂಡದಲ್ಲಿ ಬಹುಪಾಲು ನಮ್ಮ ಕರ್ನಾಟಕದವರೇ ಇದ್ದರು. ಜೂನ್ 3ರಂದು, ಹದಿಮೂರು ಸಾವಿರ ಅಡಿಗೂ ಮೇಲಿನ ಬಯಲಿನಲ್ಲಿ, ಬಿಡಾರದತ್ತ ಹಿಂದಿರುಗುವಾಗ ಹಿಮಗಾಳಿ ಎದ್ದಿತು. ದಾರಿ ಕಾಣಲಿಲ್ಲ, ಇರುಳನ್ನು ಬಯಲಲ್ಲೇ ಕಳೆಯಬೇಕಾಯಿತು. 9 ಮಂದಿ ಮರಳಿ ಬರಲಿಲ್ಲ. ಉಳಿದವರಲ್ಲಿ ಹೆಚ್ಚಿನವರನ್ನು ಹೆಲಿಕಾಪ್ಟರುಗಳಲ್ಲಿ ಇಳಿಸಿ ತಂದರು. ಇಲ್ಲಿ ನಾವು ಮುಂಗಾರಿಗೆ ಕಾದು ಆಕಾಶ ನೋಡುತ್ತಿದ್ದ ತಿಂಗಳು ಅದು. ತಪ್ಪು ಯಾರದೆಂದು ಹೇಳಲು ನಾನು ಕುಳಿತಿಲ್ಲ. ಪತ್ರಿಕೆ ಓದುತ್ತಿದ್ದಾಗ ನನ್ನ ಬೆರಳ ತುದಿ ಜುಮ್ಮೆಂದದ್ದು ಮಾತ್ರ ನಿಜ.

ಏಕೆಂದರೆ ಬೆರಳಿಗಾಗುವುದೇ ಕೊನೆಗೆ ಬುದ್ಧಿಗೂ ಆಗುತ್ತದೆ. ದೇಹದ ಒಳಗಾವು 37 ಡಿಗ್ರಿಯಿಂದ 35ಕ್ಕಿಂತ ಕೆಳಗಿಳಿದರೆ ಮಾತು ತೊದಲುತ್ತದೆ, ನಡಿಗೆ ತಪ್ಪುತ್ತದೆ. ಇನ್ನೂ ಇಳಿದರೆ ನಡುಕವೇ ನಿಂತುಹೋಗುತ್ತದೆ. ಕೆಲವರಿಗೆ ಸೆಕೆಯಾದಂತಾಗಿ ಉಟ್ಟ ಬಟ್ಟೆಯನ್ನೂ ಬಿಚ್ಚಿಹಾಕುತ್ತಾರಂತೆ. ‘ನಾನು ಚೆನ್ನಾಗಿದ್ದೇನೆ’ ಎಂದು ಆತ ಹೇಳುವುದು ಆಗಲೇ.

ಹೋದ ತಿಂಗಳು ನಮ್ಮ ಬೀದಿಯ ಹುಡುಗನೊಬ್ಬ, ಬೆಂಗಳೂರಿನಲ್ಲಿ ಓದುತ್ತಿರುವವನು, ಹಿಮಾಲಯಕ್ಕೆ ಹೋಗುತ್ತೇನೆಂದು ಹೇಳಲು ಬಂದ. “ಬೇಸಿಗೆ ರಜಾ ಅಲ್ವಾ ಮೇಷ್ಟ್ರೆ, ಚಳಿ ಇರಲ್ಲ,” ಎಂದ. ಕೂರಿಸಿಕೊಂಡು ಮೇಲಿನದನ್ನೆಲ್ಲ ಹೇಳಿದೆ. ಒಂದು ಜೊತೆ ಒಣಬಟ್ಟೆಯನ್ನು ನೀರು ಸೋಕದಂತೆ ಕಟ್ಟಿ ಕೊನೆಯವರೆಗೂ ಇಟ್ಟುಕೊಳ್ಳಬೇಕು; ಮೈಗೆ ಉಣ್ಣೆ, ಅದರ ಮೇಲೆ ಗಾಳಿ ನುಗ್ಗದ್ದು; ಸಂಗಡಿಗ ಮಂಕಾದರೆ ‘ಹೇಗಿದ್ದೀಯ?’ ಎಂದು ಕೇಳಿ ಸುಮ್ಮನಾಗಬಾರದು, ಗುಂಡಿ ಹಾಕಲು ಅವನ ಬೆರಳು ಬಗ್ಗುತ್ತದೆಯೇ ನೋಡಬೇಕು. ಬಗ್ಗದಿದ್ದರೆ ಶಿಖರದ ಆಸೆ ಬಿಟ್ಟು ಮರೆ ಹುಡುಕಬೇಕು. ಹುಡುಗ ಮಾತಿಲ್ಲದೆ ಕೇಳಿದ. ನನ್ನ ಹಳೆಯ ಕಂಬಳಿಯನ್ನು ಹೊದ್ದು ನೋಡಿ, “ತುಂಬಾ ಭಾರ ಮೇಷ್ಟ್ರೆ,” ಎಂದು ನಕ್ಕು ಹೋದ.

ಸಂಜೆ ಅಂಗಡಿಯಿಂದಲೇ ಫೋನು ಮಾಡಿದ. “ಇದರಲ್ಲಿ ಗಾಳಿ ತಡೆಯುತ್ತೆ ಅಂತ ಬರೆದಿದೆ. ಬೆಲೆ ಮಾತ್ರ ಜಾಸ್ತಿ. ತಗೊಳ್ಳಲಾ?”

ತೆಗೆದುಕೋ ಎಂದೆ.