ಬೆಟ್ಟದ ನೀರು, ಬಳಚಿನ ಒಡಲು

(ಘಟ್ಟದ ಮೇಲಿನ ರೈತರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ಅಡಿಕೆ ಬೆಳೆಗಾರರ ಸಭೆಯಲ್ಲಿ ಚಿಪ್ಪಿಕಲ್ಲಿನ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ನಮ್ಮಲ್ಲಿ ಅನೇಕರು ಅದನ್ನು ತಿನ್ನುವವರೂ ಅಲ್ಲ. ಆದರೆ ಶಿರಸಿಯ ಬಳಿ ಹುಟ್ಟುವ ಅಘನಾಶಿನಿ ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ಮತ್ತು ಗೋಕರ್ಣಗಳ ನಡುವೆ ಕಡಲನ್ನು ಸೇರುತ್ತದೆ. ನಮ್ಮ ತೋಟದ ಬಸಿಗಾಲುವೆಯಿಂದ ಹೊರಟ ನೀರು ಕೊನೆಗೆ ಮುಟ್ಟುವುದು ಆ ಅಳಿವೆಯನ್ನೇ. 2024ರಲ್ಲಿ ಈ ಅಳಿವೆಯು ರಾಮ್ಸಾರ್ ಜೌಗುತಾಣವೆಂದು ಮಾನ್ಯತೆ ಪಡೆಯಿತು. ಇಳಿತದ ಹೊತ್ತಿನಲ್ಲಿ ಅಲ್ಲಿನ ಹೆಂಗಸರು, ಗಂಡಸರು ಕೆಸರಿಗಿಳಿದು ಬಳಚು ಹೆಕ್ಕುವುದು ತಲೆಮಾರುಗಳಿಂದ ನಡೆದುಬಂದ ಕಸುಬು. ಅದು ಅವರ ಊಟವೂ ಹೌದು, ಸಂಪಾದನೆಯೂ ಹೌದು.

ಬಳಚು, ನೀಲಿಕಲ್ಲು, ಸಿಂಪಿ, ನಮ್ಮ ಅಂಗಳದ ಬಸವನಹುಳು ಇವೆಲ್ಲವೂ ಮೃದ್ವಂಗಿಗಳೆಂಬ ಒಂದೇ ವರ್ಗಕ್ಕೆ ಸೇರಿದ ಜೀವಿಗಳು. ಇವುಗಳಲ್ಲಿ ಎರಡು ಚಿಪ್ಪಿನ ಬಳಚು, ನೀಲಿಕಲ್ಲು, ಸಿಂಪಿಗಳು ಉಣ್ಣುವ ಕ್ರಮ ವಿಶಿಷ್ಟವಾದುದು. ಅವು ನೀರನ್ನು ಒಳಗೆಳೆದು, ಕಿವಿರುಗಳಲ್ಲಿ ಸೋಸಿ, ಸಿಕ್ಕಿದ ಸೂಕ್ಷ್ಮ ಪಾಚಿ ಹಾಗೂ ಸಾವಯವ ಕಣಗಳನ್ನು ತಿಂದು ನೀರನ್ನು ಹೊರಬಿಡುತ್ತವೆ. ಬೆಳೆದ ಸಿಂಪಿಯೊಂದು ದಿನವೊಂದಕ್ಕೆ ಹತ್ತಾರು ಲೀಟರ್ ನೀರನ್ನು ಹೀಗೆ ಸೋಸಬಲ್ಲದು.

ಆಹಾರ ವಿಜ್ಞಾನದ ದೃಷ್ಟಿಯಿಂದ ಈ ಜೀವಿಗಳ ಮಾಂಸ ಬಹಳ ಮೌಲ್ಯವುಳ್ಳದ್ದು. ಕೊಬ್ಬು ಕಡಿಮೆ, ಪ್ರೋಟೀನು, ಕಬ್ಬಿಣ, ಸತುವು ಹೇರಳ, ಪಿತ್ತರಸದ ಲವಣಗಳ ತಯಾರಿಕೆಗೆ ಬೇಕಾದ ಟಾರಿನ್ ಕೂಡ ಉಂಟು. ಎಲ್ಲಕ್ಕಿಂತ ಮುಖ್ಯವಾದುದು ಬಿ12 ಜೀವಸತ್ವ. ಇದರ ಕೊರತೆಯಾದರೆ ರಕ್ತಹೀನತೆ ಉಂಟಾಗುತ್ತದೆ, ನರಗಳಿಗೂ ಹಾನಿಯಾಗುತ್ತದೆ. ಬಿ12ನ್ನು ಯಾವ ಗಿಡವೂ, ಯಾವ ಪ್ರಾಣಿಯೂ ತಾನಾಗಿ ತಯಾರಿಸಲಾರದು. ಅದನ್ನು ತಯಾರಿಸುವವು ಬ್ಯಾಕ್ಟೀರಿಯಾದಂತಹ ಸೂಕ್ಷ್ಮಜೀವಿಗಳು ಮಾತ್ರ. ಬಳಚಿನಲ್ಲಿ ಅದು ಸಮೃದ್ಧವಾಗಿರುವುದು ಸೋಸಿ ತಿಂದು ಕೂಡಿಟ್ಟುಕೊಳ್ಳುವ ಗುಣದಿಂದ.

ಈ ಗುಣವೇ ಅಪಾಯದ ಬಾಗಿಲೂ ಹೌದು. ನೀರಿನಲ್ಲಿ ಜೀವಸತ್ವವಿದ್ದರೆ ಅದು ಸೇರುತ್ತದೆ, ವಿಷವಿದ್ದರೆ ಅದೂ ಸೇರುತ್ತದೆ. 1956ರಲ್ಲಿ ಜಪಾನಿನ ಮಿನಮಾಟದಲ್ಲಿ ವಿಚಿತ್ರವಾದ ನರರೋಗವೊಂದು ಪತ್ತೆಯಾಯಿತು. ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸದ ಸಂಯುಕ್ತವು ಮೀನು, ಚಿಪ್ಪಿಕಲ್ಲುಗಳ ಮೂಲಕ ಬಡ ಬೆಸ್ತರ ಮೈ ಸೇರಿತ್ತು. ಸರ್ಕಾರ ಅದನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1968ರಲ್ಲಿ, ಹನ್ನೆರಡು ವರ್ಷಗಳ ಬಳಿಕ.

ನಮ್ಮ ಹತ್ತಿರದ ಉದಾಹರಣೆಯೂ ಇದೆ. 1983ರಲ್ಲಿ ಮಂಗಳೂರಿನ ದಕ್ಷಿಣಕ್ಕಿರುವ ಕುಂಬಳೆಯಲ್ಲಿ ಚಿಪ್ಪಿಕಲ್ಲು ತಿಂದವರು ಅಸ್ವಸ್ಥರಾದರು, ಒಂದು ಜೀವವೂ ಹೋಯಿತು. ಕೆಲವು ಜಾತಿಯ ಸೂಕ್ಷ್ಮ ಪಾಚಿಗಳು ಉತ್ಪಾದಿಸುವ, ನರಗಳನ್ನು ಸ್ತಬ್ಧಗೊಳಿಸುವ ವಿಷ ಅದಕ್ಕೆ ಕಾರಣವಾಗಿತ್ತು. ಈ ವಿಷ ಬೇಯಿಸಿದರೂ ನಾಶವಾಗದು. ಚಿಪ್ಪಿನೊಳಗಿನ ಮಾಂಸದ ಬಣ್ಣವಾಗಲಿ ರುಚಿಯಾಗಲಿ ಅದನ್ನು ತೋರಿಸಿಕೊಡದು. ಈ ಬಗೆಯ ವಿಷವನ್ನು ಕಾಣಬಲ್ಲುದು ಪ್ರಯೋಗಶಾಲೆ ಮಾತ್ರ.

ಇದೇ ಗುಣವನ್ನು ವಿಜ್ಞಾನಿಗಳು ಉಪಕಾರಕ್ಕೂ ಬಳಸಿಕೊಂಡಿದ್ದಾರೆ. ನೀಲಿಕಲ್ಲಿನಂತಹ ಜೀವಿಗಳ ಮಾಂಸವನ್ನು ಪರೀಕ್ಷಿಸಿ ಕರಾವಳಿಯ ಮಾಲಿನ್ಯವನ್ನು ಅಳೆಯಬಹುದೆಂದು 1975ರಲ್ಲಿ ಎಡ್ವರ್ಡ್ ಗೋಲ್ಡ್‌ಬರ್ಗ್ ಸೂಚಿಸಿದರು. ಅಮೆರಿಕದಲ್ಲಿ 1986ರಿಂದ ಅದು ರಾಷ್ಟ್ರೀಯ ಕಾರ್ಯಕ್ರಮವೇ ಆಯಿತು.

ಇನ್ನು ನಮ್ಮ ತೋಟಕ್ಕೆ ಬರೋಣ. ಕೊಳೆರೋಗಕ್ಕೆ ನಾವು ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೇಕು. ಮಳೆಗಾಲದ ಆರಂಭದಲ್ಲಿ ಒಮ್ಮೆ, ಸುಮಾರು 40–45 ದಿನಗಳ ಬಳಿಕ ಮತ್ತೊಮ್ಮೆ. ಇದಿಲ್ಲದೆ ಅಡಿಕೆ ಉಳಿಯದೆಂಬುದನ್ನು ಕೃಷಿ ವಿಜ್ಞಾನಿಯಾಗಿ ನಾನು ಬಲ್ಲೆ. ಬಿಟ್ಟುಬಿಡಿ ಎಂದು ಹೇಳಲು ಬಂದಿಲ್ಲ. ಆದರೆ ಮೈಲುತುತ್ತದಲ್ಲಿರುವುದು ತಾಮ್ರ. ಅದು ಕೊಳೆತು ನಾಶವಾಗುವ ವಸ್ತುವಲ್ಲ. ಮಣ್ಣಿನಲ್ಲಿ ನಿಲ್ಲುತ್ತದೆ, ಮಣ್ಣು ಕೊಚ್ಚಿಹೋದರೆ ಅದರೊಂದಿಗೆ ಹೋಗುತ್ತದೆ. ಮೃದ್ವಂಗಿಗಳಿಗೆ ತಾಮ್ರ ಎಷ್ಟು ಮಾರಕವೆಂದರೆ, ರೋಗ ಹರಡುವ ನೀರಿನ ಬಸವನಹುಳುಗಳನ್ನು ಕೊಲ್ಲಲು ಈಜಿಪ್ಟಿನಂತಹ ದೇಶಗಳಲ್ಲಿ ಇದೇ ಮೈಲುತುತ್ತವನ್ನು ಬಳಸಿದ್ದುಂಟು. ಬೆಳೆದ ಚಿಪ್ಪಿಕಲ್ಲಿಗಿಂತ ಅದರ ಮರಿಗಳು ತಾಮ್ರಕ್ಕೆ ಬೇಗ ಬಲಿಯಾಗುತ್ತವೆ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ ಗಣಿಯ ತಾಮ್ರ ಹರಿದುಬಂದ ಅಳಿವೆಯ ಸಿಂಪಿಗಳು ಹಸಿರು ಬಣ್ಣಕ್ಕೇ ತಿರುಗಿದ್ದವು.

ಅಘನಾಶಿನಿಯ ಬಳಚು ವಿಷವಾಗಿದೆ ಎಂದು ನಾನು ಹೇಳುತ್ತಿಲ್ಲ. ಪುರಾವೆಯಿಲ್ಲದೆ ಹಾಗೆ ನುಡಿದರೆ ಅಲ್ಲಿನವರ ಅನ್ನಕ್ಕೆ ಕಲ್ಲು ಹಾಕಿದಂತಾದೀತು. ಕೆಳಗಿನವರ ಊಟದ ಶುದ್ಧಿಯಲ್ಲಿ ಮೇಲಿನವರಾದ ನಮಗೂ ಹೊಣೆಯಿದೆ ಎಂಬುದಷ್ಟೇ ನನ್ನ ಮಾತು. ಆ ಹೊಣೆಯನ್ನು ನಿರ್ವಹಿಸುವುದು ಕಷ್ಟವೇನಲ್ಲ.

ದ್ರಾವಣ ಸಿದ್ಧವಾದ ಮೇಲೆ ಹೊಳೆಯುವ ಕಬ್ಬಿಣದ ಚಾಕುವನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ. ಇನ್ನಷ್ಟು ತಿಳಿಸುಣ್ಣ ಸೇರಿಸಿ. ಅಂದಂದಿಗೆ ಬೇಕಾದಷ್ಟನ್ನೇ ಕಲಸಿ. ಉಳಿದುದನ್ನು ಹಳ್ಳಕ್ಕೆ ಚೆಲ್ಲಬೇಡಿ. ಪಂಪು, ಡ್ರಮ್ಮುಗಳನ್ನು ಹಳ್ಳದಲ್ಲಿ ತೊಳೆಯಬೇಡಿ. ಮಳೆ ಕವಿದಿರುವಾಗ ಸಿಂಪಡಣೆ ಬೇಡ. ಬಸಿಗಾಲುವೆಯ ತುದಿಯಲ್ಲಿ ಮಣ್ಣು ತಂಗುವ ಗುಂಡಿಯೊಂದಿರಲಿ, ಹಳ್ಳದ ಅಂಚಿನ ಗಿಡಗಂಟಿಗಳನ್ನು ಸವರದೆ ಬಿಡಿ.

ವಿದ್ಯಾರ್ಥಿ ಮಿತ್ರರೆ, ನಿಮಗೊಂದು ಕೆಲಸ. ನಿಮ್ಮೂರ ಹಳ್ಳದಲ್ಲಿ ಒಂದೇ ಜಾಗವನ್ನು ಗುರುತಿಟ್ಟುಕೊಂಡು, ಸಿಂಪಡಣೆಗೆ ಮೊದಲೂ ಮಳೆಗಾಲ ಕಳೆದ ಮೇಲೂ ಕಲ್ಲಿಗಂಟಿದ ಬಸವನಹುಳುಗಳನ್ನು ಎಣಿಸಿ, ದಿನಾಂಕದೊಂದಿಗೆ ಬರೆದಿಡಿ. ಏರಿಳಿತಕ್ಕೆ ಪ್ರವಾಹವೂ ಕಾರಣವಾಗಬಹುದು, ಆದ್ದರಿಂದ ತೋಟವಿಲ್ಲದ ಕಾಡಿನ ಹಳ್ಳವೊಂದನ್ನೂ ಜೊತೆಗೆ ಎಣಿಸಿ ಹೋಲಿಸಿ. ಮೂರು ನಾಲ್ಕು ವರ್ಷಗಳ ಇಂತಹ ಲೆಕ್ಕವಿದ್ದರೆ, ಅಳಿವೆಯ ಬಳಚನ್ನು ವರ್ಷಕ್ಕೆರಡು ಬಾರಿ ಪರೀಕ್ಷಿಸಿ ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಿರೆಂದು ಸರ್ಕಾರವನ್ನು ಕೇಳಲು ನಮಗೆ ಆಧಾರ ದೊರೆಯುತ್ತದೆ. ಆ ಬೇಡಿಕೆಯನ್ನು ಕೆಳಗಿನ ಬಳಚು ಹೆಕ್ಕುವವರೂ ಮೇಲಿನ ಅಡಿಕೆ ಬೆಳೆಯುವವರೂ ಒಟ್ಟಾಗಿ ಮುಂದಿಡಬೇಕು.