ಎಚ್.ಐ.ವಿ. ಮತ್ತು ನಮ್ಮೂರ ಕಟ್ಟೆಯ ಮಾತು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಕ್ಷೇತ್ರದ ಅವಕಾಶಗಳ ಬಗ್ಗೆ ಮಾತಾಡು ಎಂದು ಮುಖ್ಯ ಗುರುಗಳು ಹೇಳಿದ್ದರು. ಅದನ್ನು ಮಧ್ಯಾಹ್ನ ಹತ್ತನೇ ತರಗತಿಯ ಮಕ್ಕಳ ಜೊತೆ ಕುಳಿತು ಮಾತಾಡುತ್ತೇನೆ. ಊರೆಲ್ಲ ಒಂದೇ ಪೆಂಡಾಲಿನಡಿ ಸೇರುವುದು ಅಪರೂಪ. ಅದಕ್ಕಾಗಿ ಅವರ ಒಪ್ಪಿಗೆ ಪಡೆದು ಬೇರೆ ವಿಷಯ ಎತ್ತಿಕೊಂಡಿದ್ದೇನೆ: ಎಚ್.ಐ.ವಿ.

ನಾವು ಓದುವ ಕಾಲಕ್ಕೆ ಈ ಸೋಂಕಿನ ಸುದ್ದಿ ಬಂದಾಗಲೆಲ್ಲ ಬಾಗಲಕೋಟೆ, ಬೆಳಗಾವಿ, ವಿಜಯಪುರ ಜಿಲ್ಲೆಗಳ ಹೆಸರು ಬರುತ್ತಿತ್ತು. ಏಡ್ಸ್ ಎಂದರೆ ಸಾವು ಎಂದೇ ನಮ್ಮ ತಲೆಯಲ್ಲಿ ಕೂತಿತ್ತು. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸೋಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ನಮ್ಮ ದೇಶದಲ್ಲಿ ಈ ಸೋಂಕನ್ನು ಮೊದಲ ಬಾರಿ ಪತ್ತೆ ಮಾಡಿದಾಗ ಅದು ನಿಜವೂ ಆಗಿತ್ತು. ಈಗ ನಿಜವಲ್ಲ. 2004ರಿಂದ ಸರ್ಕಾರ ಎ.ಆರ್.ಟಿ. ಔಷಧವನ್ನು ಉಚಿತವಾಗಿ ಕೊಡುತ್ತಿದೆ. 2017ರಿಂದ ಸೋಂಕು ಖಚಿತವಾದ ಎಲ್ಲರಿಗೂ, ಕಾಯಿಸದೆ, ಚಿಕಿತ್ಸೆ ಶುರುವಾಗುತ್ತದೆ. ಬಹುತೇಕರಿಗೆ ದಿನಕ್ಕೆ ಒಂದೇ ಮಾತ್ರೆ. ತಪ್ಪದೆ ನುಂಗಿ, ಪರೀಕ್ಷೆಯಲ್ಲಿ ವೈರಸ್ ಕಾಣಿಸದಷ್ಟು ಕಡಿಮೆಯಾಗಿ ಉಳಿದರೆ ಅವರಿಂದ ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ. ಗರ್ಭಿಣಿ ಸಮಯಕ್ಕೆ ಔಷಧ ತೆಗೆದುಕೊಂಡರೆ ಮಗುವಿಗೆ ತಗಲುವ ಸಾಧ್ಯತೆ ನೂರಕ್ಕೆ 5ಕ್ಕಿಂತ ಕೆಳಗಿಳಿಯುತ್ತದೆ.

ಸೊಳ್ಳೆಯಿಂದ ಬರುವುದಿಲ್ಲ, ಒಂದೇ ತಟ್ಟೆಯಲ್ಲಿ ರೊಟ್ಟಿ ತಿಂದರೆ ಬರುವುದಿಲ್ಲ ಎಂಬುದು ಮಕ್ಕಳಿಗೂ ಬಾಯಿಪಾಠ. ಗೋವಾ, ಮುಂಬೈ ಕಡೆ ದುಡಿಯಲು ಹೋಗುವ ತಮ್ಮಂದಿರಿಗೆ, ತಾಯಂದಿರೆದುರು ಸಂಕೋಚವಾದರೂ, ಒಂದು ಮಾತು: ನಿರೋಧ್ ಬಳಸಿ.

ಔಷಧ ಇಷ್ಟು ಹತ್ತಿರ ಬಂದ ಮೇಲೂ ತೊಂದರೆ ಎಲ್ಲಿದೆ? ನನಗೆ ಗೊತ್ತಿರುವ ಒಬ್ಬರ ವಿಷಯ ಹೇಳುತ್ತೇನೆ. ಅವರೇ ಹೇಳು ಎಂದಿದ್ದಾರೆ. ಯಾರು, ಯಾವ ಊರು ಎಂದು ಹೇಳುವುದಿಲ್ಲ, ನೀವೂ ಊಹಿಸಲು ಹೋಗಬೇಡಿ. ಹತ್ತಿರದಲ್ಲೇ ಕೇಂದ್ರವಿದ್ದರೂ ಅವರು ಎರಡು ಬಸ್ಸು ಬದಲಿಸಿ ಪಕ್ಕದ ಜಿಲ್ಲೆಗೆ ಹೋಗಿ ಮಾತ್ರೆ ತರುತ್ತಾರೆ. ಒಂದು ದಿನದ ಕೂಲಿ ಹೋಗುತ್ತದೆ. ಬರುವಾಗ ಡಬ್ಬಿಯ ಮೇಲಿನ ಚೀಟಿ ಕಿತ್ತು, ಮಾತ್ರೆ ಗಲಗಲ ಅನ್ನಬಾರದೆಂದು ಒಳಗೆ ಹತ್ತಿ ತುರುಕುತ್ತಾರೆ. ಸುಗ್ಗಿಯಲ್ಲಿ ಒಮ್ಮೆ ಹೋಗಲಾಗದೆ ಮಾತ್ರೆ ನಿಂತು, ಹಾಸಿಗೆ ಹಿಡಿದಿದ್ದರು. ಏಕೆ ಹೀಗೆ ಎಂದರೆ, "ತಮ್ಮಾ, ರೋಗಕ್ಕ ಗುಳಿಗಿ ಐತಿ. ಊರಾಗ ಗೊತ್ತಾದ್ರ ಮಗಳ ಲಗ್ನ ಆಗಂಗಿಲ್ಲ" ಅಂದರು.

ಮಾತ್ರೆ ಬಿಟ್ಟರೆ ವೈರಸ್ ಮತ್ತೆ ಏರುತ್ತದೆ, ಹರಡುವ ಅಪಾಯವೂ ಮರಳುತ್ತದೆ. ಅಂದರೆ ನಮ್ಮ ಕಟ್ಟೆಯ ಮಾತು ಅವರ ಮನಸ್ಸು ನೋಯಿಸಿ ಸುಮ್ಮನಾಗುವುದಿಲ್ಲ, ಸೋಂಕನ್ನೇ ಬೆಳೆಸುತ್ತದೆ. ಹೆದರಿಕೆಯಿಂದ ಪರೀಕ್ಷೆಗೇ ಹೋಗದವರ ಕಥೆ ಇನ್ನೂ ಕಷ್ಟದ್ದು.

ನನ್ನ ಕೆಲಸದಲ್ಲಿ ಒಬ್ಬರ ಮಾಹಿತಿಯನ್ನು ಕೆಲಸಕ್ಕೆ ಬೇಕಾದವರು ಬಿಟ್ಟು ಬೇರೆಯವರು ತೆರೆದರೆ ಅದು ತಪ್ಪು, ಯಾರು ತೆರೆದರು ಎಂಬ ದಾಖಲೆಯೂ ಉಳಿಯುತ್ತದೆ. ಊರಲ್ಲಿ ಅಂಥ ಬೀಗವಿಲ್ಲ. ಆದರೆ ಕಾನೂನಿದೆ. 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ನೌಕರಿ, ಶಾಲೆ, ಆಸ್ಪತ್ರೆ, ಬಾಡಿಗೆ ಮನೆ ಎಲ್ಲಿಯೂ ಸೋಂಕಿತರಿಗೆ ಭೇದ ಮಾಡುವಂತಿಲ್ಲ. ಅವರ ವಿರುದ್ಧ ದ್ವೇಷ ಹರಡಿದರೆ 2 ವರ್ಷದವರೆಗೆ ಜೈಲು ಇದೆ. ನಮ್ಮ ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪಿನವರೂ ಇದನ್ನು ಕೇಳಿಸಿಕೊಳ್ಳಲಿ! ಆದರೂ ಕಟ್ಟೆಯ ಮೇಲೆ ಪಿಸುಗುಟ್ಟುವವರ ಮೇಲೆ ದೂರು ಕೊಡಲು ಆ ಮನುಷ್ಯ ಠಾಣೆಗೆ ಹೋಗುತ್ತಾರೆಯೇ? ಹೋದರೆ ಗುಟ್ಟು ಅಲ್ಲೇ ರಟ್ಟು. ಆ ಮಾತು ಬಂದಾಗ "ಬಿಡ್ರೀ, ಅವರ ಮನಿ ವಿಷಯ" ಎನ್ನುವ ಒಬ್ಬ ಹಿರಿಯರು ಕಟ್ಟೆಯ ಮೇಲಿದ್ದರೆ ಕಾಯ್ದೆಗಿಂತ ಹೆಚ್ಚು ಕೆಲಸವಾಗುತ್ತದೆ.

ಸಂದೇಹವಿದ್ದವರು 1097ಕ್ಕೆ ಫೋನ್ ಮಾಡಬಹುದು, ಹಣ ಬೇಡ. ಇವತ್ತು ಎಂಟನೇ ತರಗತಿಯ ಕೋಣೆಯಲ್ಲಿ ಸರ್ಕಾರಿ ಆಸ್ಪತ್ರೆಯ ಆಪ್ತಸಮಾಲೋಚಕರು ಕುಳಿತಿದ್ದಾರೆ. ಬಿ.ಪಿ., ಸಕ್ಕರೆ, ಎಚ್.ಐ.ವಿ. ಮೂರಕ್ಕೂ ಒಂದೇ ಸಾಲು. ಯಾರು ಯಾವುದಕ್ಕೆ ನಿಂತಿದ್ದಾರೆಂದು ನೋಡುವವರಿಗೆ ತಿಳಿಯದು. ಬೆಳಿಗ್ಗೆಯೇ ನಾನು ಮೂರನ್ನೂ ಮಾಡಿಸಿಕೊಂಡೆ. ಸಂಜೆ ಐದರವರೆಗೆ ಅವರು ಇರುತ್ತಾರೆ.